ತಿರುಗಿದಾಗ ಬೆನ್ನು ಕಾಣಬಾರದು: ಉಲ್ಲನ್ ಮತ್ತು ಪ್ಲಾಸ್ಟಿಕ್ ಕ್ಯಾನ್ವಾಸ್‌ನಲ್ಲಿ ಕ್ರಿಸ್ಮಸ್ ಅಲಂಕಾರ

ಕಿನ್ನಿಗೋಳಿ | 12 ಅಕ್ಟೋಬರ್ 2025

ಕೈಕೆಲಸ ಬಲ್ಲವರ ಸಹಾಯ ಬೇಕಿತ್ತು.

ನಮ್ಮ ಮನೆಯಲ್ಲಿ ಅಮ್ಮ ಮಾಡಿದ ಒಂದು ಉಲ್ಲನ್ ನಕ್ಷತ್ರ ಉಂಟು. ಅಂಗೈಯಷ್ಟು ದೊಡ್ಡದು. ಅಮೆರಿಕದಲ್ಲಿ ನರ್ಸ್ ಆಗಿದ್ದ ದೊಡ್ಡಮ್ಮ 1986ರಲ್ಲಿ ರಜೆಗೆ ಬಂದಾಗ ಪ್ಲಾಸ್ಟಿಕ್ ಕ್ಯಾನ್ವಾಸ್ ಹಾಳೆ ತಂದುಕೊಟ್ಟಿದ್ದರು. ಜರಡಿಯ ಹಾಗೆ ಚೌಕ ಚೌಕ ಕಣ್ಣಿರುವ, ಸ್ವಲ್ಪ ಗಟ್ಟಿ ಹಾಳೆ. ಅದನ್ನು ನಕ್ಷತ್ರದ ಆಕಾರಕ್ಕೆ ಕತ್ತರಿಸಿ, ಒಂದೊಂದೇ ಕಣ್ಣಿಗೆ ಉಲ್ಲನ್ ಹಾಕಿ ಅಮ್ಮ ತುಂಬಿದ್ದಾರೆ. ಐದು ಕಾಲು. ನಾಲ್ಕು ಕಾಲು ಒಂದೇ ಕೆಂಪು. ಐದನೆಯದು ಮಾತ್ರ ಕಂದು ಕಡೆಗೆ ಹೋದ ಬೇರೆ ಕೆಂಪು. ಉಲ್ಲನ್ ಸಾಲದೆ ಹೋಗಿರಬೇಕು. ಪ್ರತಿ ವರ್ಷ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ) ಹಿಂದಿನ ಗೋಡೆಗೆ ಅದೇ ನಕ್ಷತ್ರ. 39 ವರ್ಷ ಆಯ್ತು. ಬಣ್ಣ ಹೋಗಿಲ್ಲ, ಆಕಾರ ಕೆಟ್ಟಿಲ್ಲ.

ಅಮ್ಮ ಹೋಗಿ ಎರಡು ವರ್ಷ. ಈ ಸಲ ಗಾಳಿಮರದ ಕೊಂಬೆ ತಂದು ಕ್ರಿಸ್ಮಸ್ ಮರ ನಿಲ್ಲಿಸಬೇಕು, ಅದಕ್ಕೆ ಇಂಥದೇ 24 ಅಲಂಕಾರ ನನ್ನ ಕೈಯಲ್ಲೇ ಮಾಡಿ ಕಟ್ಟಬೇಕು ಅಂತ ಆಸೆ. ಹಳೆ ಹಾಳೆಯ ಒಂದು ತುಂಡು ಉಳಿದಿತ್ತು. ಒಂದು ಗಂಟೆ ಮಾಡಿ ನೋಡಿದೆ, ಚರ್ಚಿನ ಗಂಟೆಯ ಆಕಾರದ್ದು. ದಾರ ಕಟ್ಟಿ ಕಿಟಕಿಗೆ ತೂಗಿಸಿದೆ. ಗಾಳಿಗೆ ತಿರುಗಿತು. ಹಿಂದಿನ ಗಂಟುಗಳು, ಒಂದು ಬಣ್ಣದಿಂದ ಇನ್ನೊಂದಕ್ಕೆ ಹಾರಿದ ಉದ್ದ ಎಳೆಗಳು, ಎಲ್ಲ ಕಂಡವು. ಗೋಡೆಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮರಕ್ಕೆ ಕಟ್ಟಿದ್ದು ಸುಮ್ನೆ ನಿಲ್ಲುವುದಿಲ್ಲ ಅಲ್ವಾ?

ಎರಡು ಪ್ರಶ್ನೆ. ಬೆನ್ನು ಕಾಣದ ಹಾಗೆ ಮಾಡುವುದು ಹೇಗೆ? ಮತ್ತೆ, ಅಮ್ಮನ ನಕ್ಷತ್ರವನ್ನೂ ಮರಕ್ಕೆ ಕಟ್ಟಬೇಕು ಅಂತ ಉಂಟು. ಅದರ ಹಿಂದೆ ಫೆಲ್ಟ್ ಬಟ್ಟೆ ಅಂಟಿಸಲಾ, ಬೇಡವಾ?

ಫ್ರೇಜರ್‌ಟೌನ್ ಟೇಲರ್ | 12 ಅಕ್ಟೋಬರ್

ಫೆಲ್ಟ್ ಸುಲಭ ಮೇಡಂ. ಅದೇ ಆಕಾರಕ್ಕೆ ಒಂದು ನೂಲಿನಷ್ಟು, ಅಂದರೆ ಸ್ವಲ್ಪವೇ, ಚಿಕ್ಕದಾಗಿ ಕತ್ತರಿಸಿ, ಅಂಚಿಗೆ ಸಣ್ಣ ಹೊಲಿಗೆ ಹಾಕಿ. ಗೋಂದು ಬೇಡ. ನಿಮ್ಮ ಕಡೆ ಸೆಕೆಗೆ, ಮಳೆಗಾಲದ ತೇವಕ್ಕೆ ಗೋಂದು ಬಿಟ್ಟುಕೊಳ್ಳುತ್ತದೆ, ಹಳದಿ ಕಲೆಯೂ ಆಗುತ್ತದೆ.

ಇನ್ನೊಂದು ಮಾತು. ಕತ್ತರಿಸಿದ ಮೇಲೆ ಅಂಚಿನಲ್ಲಿ ಸಣ್ಣ ಸಣ್ಣ ಮುಳ್ಳು ಉಳಿಯುತ್ತದೆ. ಕತ್ತರಿಯಲ್ಲಿ ಅದು ಪೂರ್ತಿ ಹೋಗುವುದಿಲ್ಲ. ಉಗುರು ಕತ್ತರಿಸುವ ನೇಲ್‌ಕಟರ್ ತೆಗೆದುಕೊಂಡು ಒಂದೊಂದೇ ತೆಗೆಯಿರಿ. ಇಲ್ಲದಿದ್ದರೆ ಅಂಚು ಸುತ್ತುವಾಗ ಉಲ್ಲನ್ ಅದಕ್ಕೆ ಸಿಕ್ಕಿ ಪಿಂಜುತ್ತದೆ.

ಧಾರವಾಡದ ಕಸೂತಿ | 13 ಅಕ್ಟೋಬರ್

ತಂಗಿ, ಮೊದಲು ಗಂಟು ಬಿಡಿರಿ. ಬೆನ್ನು ಮುಚ್ಚುವ ಮಾತು ಆಮೇಲೆ.

ನಮ್ಮ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಇಳಕಲ್ ಸೀರೆಯ ಸೆರಗು ಹಾರಿದಾಗ ಎರಡೂ ಬದಿ ಕಾಣುತ್ತದೆ. ನಿಮ್ಮ ಗಂಟೆ ತಿರುಗಿದ ಹಾಗೇ ಅದೂ. ಅದಕ್ಕೇ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ತರಹ ಬರುತ್ತದೆ. ಮುರ್ಗಿಯೂ ಹಾಗೇ, ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತದೆ. ಮೆಂತ್ಯೆ ಅಂದರೆ ನೀವು ಕ್ರಾಸ್ ಸ್ಟಿಚ್ ಅನ್ನುವುದು. ನೇಗಿ ನೇಯ್ದ ಹಾಗೆ ಕಾಣುತ್ತದೆ. ಇವು ನಾಲ್ಕೂ ಎಳೆ ಎಣಿಸಿ ಹಾಕುವ ಹೊಲಿಗೆಗಳು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ. ನಿಮ್ಮ ಪ್ಲಾಸ್ಟಿಕ್ ಹಾಳೆಯಲ್ಲಿ ಎಳೆಯ ಬದಲು ಕಣ್ಣು ಎಣಿಸುತ್ತೀರಿ, ಅಷ್ಟೇ ಬೇರೆ.

ಶುರು ಮಾಡುವಾಗ ಹಿಂದೆ ಎರಡು ಬೆರಳು ಅಗಲದಷ್ಟು ಬಾಲ ಬಿಡಿ. ಎಡಗೈ ಬೆರಳಲ್ಲಿ ಅದನ್ನು ಒತ್ತಿ ಹಿಡಿದು, ಮೊದಲ ಐದಾರು ಹೊಲಿಗೆ ಅದರ ಮೇಲೇ ಹಾಯುವ ಹಾಗೆ ಹಾಕಿರಿ. ತಾನೇ ಸಿಕ್ಕಿಕೊಳ್ಳುತ್ತದೆ. ಮುಗಿಸುವಾಗ ಸೂಜಿಯನ್ನು ಹಿಂದಿನ ಹೊಲಿಗೆಗಳ ಕೆಳಗೆ ಒಂದು ಇಂಚು ಜಾರಿಸಿ ಕತ್ತರಿಸಿ. ಗಂಟು ಎಲ್ಲಿಯೂ ಬರುವುದಿಲ್ಲ.

ಅವ್ವನ ನಕ್ಷತ್ರಕ್ಕೆ ಏನೂ ಅಂಟಿಸಬ್ಯಾಡ್ರಿ. ನನಗೆ ನಮ್ಮ ಅವ್ವ ಹಳೇ ಸೆರಗು ಕೈಗೆ ಕೊಟ್ಟು, ಮಗುಚಿ ನೋಡು, ಸೂಜಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಹೇಳು ಅನ್ನುತ್ತಿದ್ದಳು. ಕಲಿತದ್ದು ಹಾಗೆ. ಬೆನ್ನು ಮುಚ್ಚಿದರೆ ಅದು ಹೋಯಿತು.

ಎಡಿಸನ್ ಅಜ್ಜಿ | 13 ಅಕ್ಟೋಬರ್

ನ್ಯೂಜೆರ್ಸಿಯಿಂದ. ನಾನು ಮಂಡ್ಯದವಳು, ಇಲ್ಲಿಗೆ ಬಂದು 34 ವರ್ಷ. ಈ ಕೆಲಸ ಕಲಿಸಿದ್ದು ಪಕ್ಕದ ಮನೆಯ ಅಮೆರಿಕನ್ ಅಜ್ಜಿ. ಟಿಶ್ಯೂ ಡಬ್ಬಿಯ ಕವರ್‌ನಿಂದ ಶುರು, ಆಮೇಲೆ ಕ್ರಿಸ್ಮಸ್ ಮರದ ಅಲಂಕಾರ. ನನಗೆ ಗೊತ್ತಿರುವುದನ್ನೆಲ್ಲ ಬರೆಯುತ್ತೇನೆ, ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಹಾಳೆಯಲ್ಲಿ ಬೇರೆ ಬೇರೆ ನಂಬರ್ ಇವೆ. ಒಂದು ಇಂಚಿಗೆ 7 ಕಣ್ಣಿದ್ದರೆ 7 ಕೌಂಟ್. 10 ಇದ್ದರೆ 10 ಕೌಂಟ್. 14ರದ್ದು ತುಂಬಾ ಸಣ್ಣ ಕಣ್ಣು, ಅದಕ್ಕೆ ಕಸೂತಿ ದಾರವೇ ಸರಿ. ಮಾಮೂಲಿ 4 ಎಳೆಯ ಉಲ್ಲನ್‌ಗೆ 7 ಕೌಂಟ್ ಸರಿಹೋಗುತ್ತದೆ. ಸೂಜಿ 16ನೇ ನಂಬರ್, ತುದಿ ಮೊಂಡಾಗಿರಬೇಕು. 7 ಕೌಂಟಿನ ಮಾಮೂಲಿ ಹಾಳೆ ಹತ್ತೂವರೆ ಇಂಚು ಅಗಲ, ಹದಿಮೂರೂವರೆ ಇಂಚು ಉದ್ದ. ಹೆಚ್ಚುಕಡಿಮೆ 70 ಕಣ್ಣು ಅಡ್ಡ, 90 ಕಣ್ಣು ಉದ್ದ.

ಹೊಲಿಗೆ ಒಂದೇ, ಹಾಕುವ ದಾರಿ ಎರಡು. ಎದುರಿನಿಂದ ಎರಡೂ ಒಂದೇ ತರಹ, ಸಣ್ಣ ಓರೆ ಗೆರೆ. ಎಡದಿಂದ ಬಲಕ್ಕೆ ಹೋದರೆ ಹಿಂದೆ ಸಣ್ಣ ನೇರ ಎಳೆ ಬೀಳುತ್ತದೆ. ಬಲದಿಂದ ಎಡಕ್ಕೆ ಹೋದರೆ ಹಿಂದೆ ಉದ್ದ ಓರೆ ಎಳೆ ಬೀಳುತ್ತದೆ. ಈ ಎರಡನೆಯದನ್ನು ಇಲ್ಲಿ ಕಾಂಟಿನೆಂಟಲ್ ಅನ್ನುತ್ತಾರೆ. ಸಾಲು ಮುಗಿದ ಮೇಲೆ ಹಾಳೆಯನ್ನೇ ತಲೆಕೆಳಗು ಮಾಡಿ ಮತ್ತೆ ಬಲದಿಂದ ಎಡಕ್ಕೇ ಬರಬೇಕು. ಲೆಕ್ಕ ಹಾಕಿದ್ದೇನೆ: ಒಂದು ಚದರ ಇಂಚಿನಲ್ಲಿ 49 ಹೊಲಿಗೆ. ಕಾಂಟಿನೆಂಟಲ್ ಹಾಕಿದರೆ ಅದಕ್ಕೆ ಸುಮಾರು 65 ಸೆಂಟಿಮೀಟರ್ ಉಲ್ಲನ್ ಬೇಕು, ಇನ್ನೊಂದಕ್ಕೆ 45 ಸಾಕು. ಆದರೂ ನಾನು ಕಾಂಟಿನೆಂಟಲ್ ಅನ್ನೇ ಹಾಕುತ್ತೇನೆ. ಅದು ತುಂಬಿ ಕೂರುತ್ತದೆ, ಪ್ಲಾಸ್ಟಿಕ್ ಇಣುಕುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ತೂಗುವ ಅಲಂಕಾರಕ್ಕೆ ಇಲ್ಲಿ ಎಲ್ಲರೂ ಮಾಡುವುದು ಒಂದೇ. ಅದೇ ಆಕಾರದ ಎರಡು ತುಂಡು ಮಾಡಿ, ಬೆನ್ನಿಗೆ ಬೆನ್ನು ಇಟ್ಟು, ಅಂಚನ್ನು ಸುತ್ತಿ ಹೊಲಿಯುವುದು. ಹೊರಗಿನ ಮೂಲೆ ಬಂದಾಗ ಅದೇ ಕಣ್ಣಿಗೆ ಮೂರು ಸಲ ಹಾಕಿ, ಇಲ್ಲದಿದ್ದರೆ ಮೂಲೆಯಲ್ಲಿ ಪ್ಲಾಸ್ಟಿಕ್ ಬೆಳ್ಳಗೆ ಕಾಣುತ್ತದೆ. ತೂಗುಹಾಕುವ ದಾರವನ್ನು ಎರಡರ ನಡುವೆ ಸೇರಿಸಿ ಹೊಲಿದುಬಿಡಿ.

ಹಿಂದೆ ಬಣ್ಣ ಹಾರಿಸಬೇಡಿ. ಬಿಳಿ ಹಿಂದೆ ಕೆಂಪು ಎಳೆ ಓಡಿದರೆ ಎದುರಿಗೆ ನೆರಳಿನ ಹಾಗೆ ಕಾಣುತ್ತದೆ.

ಕಿನ್ನಿಗೋಳಿ | 13 ಅಕ್ಟೋಬರ್

ಅಜ್ಜಿ, ಅಕ್ಕ, ಟೇಲರ್ ಅವರೇ, ತುಂಬಾ ಉಪಕಾರ ಆಯ್ತು. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಹಾಳೆ ಎಲ್ಲಿ ಸಿಗುತ್ತದೆ? ಮಂಗಳೂರಿನ ಹಂಪನಕಟ್ಟೆಯಲ್ಲಿ ಎರಡು ಫ್ಯಾನ್ಸಿ ಅಂಗಡಿಯಲ್ಲಿ ಕೇಳಿದೆ. ಮ್ಯಾಟಿ ಬಟ್ಟೆ ಉಂಟು, ಇದಿಲ್ಲ ಅಂದರು.

ಫ್ರೇಜರ್‌ಟೌನ್ ಟೇಲರ್ | 14 ಅಕ್ಟೋಬರ್

ಪ್ಲಾಸ್ಟಿಕ್ ಕ್ಯಾನ್ವಾಸ್ ಅಂತ ಕೇಳಿದರೆ ಎಷ್ಟೋ ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ಉಲ್ಲನ್ ತೋರಣ ಮಾಡುವ ಪ್ಲಾಸ್ಟಿಕ್ ನೆಟ್ ಕೊಡಿ ಅನ್ನಿ. ಬಾಗಿಲ ತೋರಣ, ದೇವರ ಮುಂದಿನ ಮಣೆಯ ಹಾಸು ಮಾಡುವವರು ಅದನ್ನೇ ಕೊಳ್ಳುವುದು.

ಎಡಿಸನ್ ಅಜ್ಜಿ | 14 ಅಕ್ಟೋಬರ್

ಇಲ್ಲಿಯೂ ಮೊದಲಿನ ಹಾಗೆ ಸುಲಭ ಇಲ್ಲಮ್ಮ. ಜೋಆನ್ ಅಂಗಡಿಗಳೆಲ್ಲ ಈ ವರ್ಷ ಮೇ ತಿಂಗಳ ಹೊತ್ತಿಗೆ ಮುಚ್ಚಿಹೋದವು. ಬಟ್ಟೆ, ಉಲ್ಲನ್, ಸೂಜಿ ಅಂದರೆ ನಾವು ಹೋಗುತ್ತಿದ್ದದ್ದು ಅಲ್ಲಿಗೇ. ಕೊನೆಯ ವಾರ ಹೋದಾಗ ಕಪಾಟು ಸಹ ಮಾರಾಟಕ್ಕಿತ್ತು. ನೋಡಿ ಹೊಟ್ಟೆ ಕಿವುಚಿದ ಹಾಗಾಯಿತು. ನಾನು ಆರು ಹಾಳೆ ತಂದಿಟ್ಟುಕೊಂಡೆ.

ಕಿನ್ನಿಗೋಳಿ | 21 ಅಕ್ಟೋಬರ್

ಒಂದು ಆನ್‌ಲೈನ್ ಅಂಗಡಿಯಿಂದ ಹಾಳೆ ತರಿಸಿದೆ. 7 ಕೌಂಟ್ ಅಂತ ಬರೆದಿತ್ತು. ಬಂದದ್ದನ್ನು ಸ್ಕೇಲ್ ಇಟ್ಟು ಎಣಿಸಿದರೆ ಇಂಚಿಗೆ 10 ಕಣ್ಣು. ಎಂಟು ಹಾಳೆ. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತೆ. ಉಲ್ಲನ್ ಹಾಕಿ ನೋಡಿದೆ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಹಾಳೆ ದೋಣಿಯ ಹಾಗೆ ಬಗ್ಗಿತು. ಸೂಜಿ ಎಳೆದು ಎಳೆದು ಬೆರಳು ನೋವು. ಏನು ಮಾಡಲಿ?

ಎಡಿಸನ್ ಅಜ್ಜಿ | 21 ಅಕ್ಟೋಬರ್

ಅಯ್ಯೋ ಮಗಳೇ. ಹಾಳೆ ಹಾಳಾಗಿಲ್ಲ, ಹೆದರಬೇಡ. ನಿನ್ನ 4 ಎಳೆಯ ಉಲ್ಲನ್ ಬಿಚ್ಚಿ ಎರಡೆರಡು ಎಳೆ ಮಾಡು. ಒಂದು ಮೊಳ ಕತ್ತರಿಸಿ, ಒಂದು ತುದಿಯಲ್ಲಿ ಎರಡು ಎಳೆ ಹಿಡಿದು ನಿಧಾನ ಎಳೆ. ಉದ್ದ ಇದ್ದರೆ ಗೋಜಲಾಗುತ್ತದೆ. 10 ಕೌಂಟಿಗೆ ಆ ದಪ್ಪ ಸರಿ, ಸೂಜಿ 18ನೇ ನಂಬರ್. ಸಣ್ಣ ಅಲಂಕಾರಕ್ಕೆ 10 ಕೌಂಟ್ ಚಂದವೇ, ಚಿತ್ರ ನವಿರಾಗಿ ಬರುತ್ತದೆ. ಕೆಲಸ ಮಾತ್ರ ದುಪ್ಪಟ್ಟು. ಚದರ ಇಂಚಿಗೆ 49ರ ಬದಲು 100 ಹೊಲಿಗೆ.

ಧಾರವಾಡದ ಕಸೂತಿ | 22 ಅಕ್ಟೋಬರ್

ಆ 10 ಕೌಂಟ್ ಹಾಳೆಯನ್ನು ಪೂರ್ತಿ ತುಂಬಬ್ಯಾಡ್ರಿ ತಂಗಿ. ಗವಂತಿ ಹಾಕಿರಿ. ನಾನು ನಿನ್ನೆ ಮಾಡಿ ನೋಡಿದೆ, ಮೊಮ್ಮಗಳ ಶಾಲೆ ಪ್ರಾಜೆಕ್ಟಿಗೆ ತಂದ ಹಾಳೆ ಮನೆಯಲ್ಲಿತ್ತು.

ಮೊದಲು ಕಣ್ಣುಗಳ ನಡುವಿನ ಕಡ್ಡಿಗಳಲ್ಲಿ ಒಂದು ಕಡ್ಡಿ ಬಿಟ್ಟು ಒಂದು ಕಡ್ಡಿ ಮೇಲೆ ಹೊಲಿಗೆ ಹಾಕಿಕೊಂಡು ಹೋಗಬೇಕು. ಗೆರೆಯ ಕೊನೆ ಮುಟ್ಟಿದ ಮೇಲೆ ಅದೇ ದಾರದಲ್ಲಿ, ಅದೇ ಹಾದಿಯಲ್ಲಿ ವಾಪಸ್ ಬಂದು, ಬಿಟ್ಟ ಜಾಗ ತುಂಬಬೇಕು. ಹೋಗುವಾಗ ಮೇಲೆ ಬಿಟ್ಟ ಜಾಗದಲ್ಲಿ ಕೆಳಗೆ ಎಳೆ ಇರುತ್ತದೆ. ಬರುವಾಗ ಮೇಲೂ ತುಂಬುತ್ತದೆ, ಕೆಳಗಿನ ಖಾಲಿಯೂ ತುಂಬುತ್ತದೆ. ಎರಡೂ ಬದಿ ಗೆರೆ ಒಂದೇ. ಎಂಟು ಎಸಳಿನ ನಕ್ಷತ್ರ ಹಾಕಿದೆ, ನಮ್ಮ ಸೆರಗಿನಲ್ಲಿ ಬರುವಂಥದ್ದು. ಹಾಳೆ ಪಾರದರ್ಶಕ ಇದ್ದರೆ ದೂರದಿಂದ ಪ್ಲಾಸ್ಟಿಕ್ ಕಾಣುವುದಿಲ್ಲ, ಗೆರೆ ಮಾತ್ರ ಗಾಳಿಯಲ್ಲಿ ನಿಂತ ಹಾಗೆ. ಒಂದೇ ಪದರ ಸಾಕು. ಬಾಲವನ್ನು ಮಾತ್ರ ಹುಷಾರಾಗಿ ಗೆರೆಯ ಒಳಗೇ ಅಡಗಿಸಬೇಕು. ಎರಡು ಎಳೆಯ ಉಲ್ಲನ್ ಆದರೆ ಸೂಜಿಯಿಂದ ಹೊಲಿಗೆಯನ್ನೇ ಸೀಳಿ ತೂರಿಸಿ.

ಕಿನ್ನಿಗೋಳಿ | 24 ಅಕ್ಟೋಬರ್

ಅಕ್ಕ, ಬಂತು! ಮೂರನೇ ಸಲಕ್ಕೆ ಬಂತು. ಯಾವುದು ಎದುರು, ಯಾವುದು ಹಿಂದೆ ಅಂತ ನನ್ನ ಗಂಡನಿಗೆ ಹೇಳಲಿಕ್ಕೆ ಆಗಲಿಲ್ಲ. ಹಿಟ್ಟು ತೂಗುವ ತಕ್ಕಡಿಯಲ್ಲಿ ಇಟ್ಟರೆ 4 ಗ್ರಾಂ. ಗಾಳಿಮರದ ಕೊಂಬೆ ತುಂಬಾ ಬಳುಕುತ್ತದೆ, ತುದಿಗೆ ಭಾರ ಕಟ್ಟಿದರೆ ನೆಲ ನೋಡುತ್ತದೆ. ಇದನ್ನು ತುದಿಗೇ ಕಟ್ಟಬಹುದು.

ತೀರ್ಥಹಳ್ಳಿ ಮಳೆ | 26 ಅಕ್ಟೋಬರ್

ಒಂದು ಮಾತು ಕೇಳಲೇಬೇಕು ಅನ್ನಿಸಿತು. ಹಾಳೆಯೂ ಪ್ಲಾಸ್ಟಿಕ್, ಅಕ್ರಿಲಿಕ್ ಉಲ್ಲನ್ನೂ ಪ್ಲಾಸ್ಟಿಕ್ಕೇ. ಬಿದಿರ ಕಡ್ಡಿ, ಬಣ್ಣದ ಕಾಗದದ ನಕ್ಷತ್ರ ಮಾಡುವ ಊರಿನವರು ನೀವು. ಇದು ಯಾಕೆ ಬೇಕು?

ಕಿನ್ನಿಗೋಳಿ | 26 ಅಕ್ಟೋಬರ್

ಕೇಳಿದ್ದು ಒಳ್ಳೆಯದಾಯ್ತು. ಬಿದಿರಿನ ನಕ್ಷತ್ರ ನಾವು ಈಗಲೂ ಮಾಡುತ್ತೇವೆ. ಅಂಗಳದಲ್ಲಿ ಬಲ್ಬ್ ಇಟ್ಟು ಏರಿಸುತ್ತೇವೆ. ಆದರೆ ಕಾಗದ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ಜೂನ್ ಬಂದರೆ ಬೂಸ್ಟು, ಇಲ್ಲದಿದ್ದರೆ ಗೆದ್ದಲು. ಅಮ್ಮ ರಟ್ಟಿನಲ್ಲಿ ಮಾಡಿದ್ದು ಯಾವುದೂ ಈಗ ಇಲ್ಲ. ಈ ನಕ್ಷತ್ರ ಒಂದು ಉಳಿದಿದೆ. ವರ್ಷ ವರ್ಷ ಕೊಂಡು ಬಿಸಾಡುವ ಹೊಳೆಯುವ ಚೆಂಡುಗಳೂ ಪ್ಲಾಸ್ಟಿಕ್ಕೇ ಅಲ್ವಾ? ನಾನು ಮಾಡುವ 24 ನನ್ನ ಮಕ್ಕಳ ಕಾಲಕ್ಕೂ ಇರಲಿ ಅಂತಲೇ ಮಾಡುವುದು.

ತೀರ್ಥಹಳ್ಳಿ ಮಳೆ | 27 ಅಕ್ಟೋಬರ್

ಒಪ್ಪಿದೆ. ಬಿಸಾಡದೆ ಇಟ್ಟುಕೊಳ್ಳುವುದಾದರೆ ನನ್ನ ತಕರಾರಿಲ್ಲ. ಆದರೂ ಒಂದು ದಾರಿ ಹೇಳುತ್ತೇನೆ, ಬೇಕಾದವರು ಮಾಡಿ. ಗೋಣಿಚೀಲದ ನೇಯ್ಗೆ ಬಿಡಿಬಿಡಿ ಇರುತ್ತದೆ. ಒಗೆದು, ಗಟ್ಟಿ ಗಂಜಿಯಲ್ಲಿ ಅದ್ದಿ, ಹಲಗೆಯ ಮೇಲೆ ನಾಲ್ಕೂ ಮೂಲೆ ಎಳೆದು ಮೊಳೆ ಹೊಡೆದು ಒಣಗಿಸಿದರೆ ಹಾಳೆಯ ಹಾಗೆ ನಿಲ್ಲುತ್ತದೆ. ಎಳೆ ಎಣಿಸಿ ಮೆಂತ್ಯೆ ಹೊಲಿಗೆ ಹಾಕಬಹುದು. ಅಂಚು ಮಾತ್ರ ಬಿಚ್ಚಿಕೊಳ್ಳುತ್ತದೆ, ಕತ್ತರಿಸುವ ಮೊದಲೇ ಸುತ್ತ ಒಂದು ಸಾಲು ಹೊಲಿಗೆ ಹಾಕಿಕೊಳ್ಳಬೇಕು. ಗಂಜಿಗೆ ಜಿರಲೆ ಬರುತ್ತದೆ, ಮುಚ್ಚಳದ ಡಬ್ಬಿಯಲ್ಲಿಡಿ.

ಮೈಸೂರು ಮೇಷ್ಟ್ರು | 29 ಅಕ್ಟೋಬರ್

ನಾನು ನಿವೃತ್ತ ಗಣಿತ ಮೇಷ್ಟ್ರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸ್ವಾಧೀನ ಕಡಿಮೆ. ಕೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿ ಇದೇ ಪ್ಲಾಸ್ಟಿಕ್ ಹಾಳೆ, ಉಲ್ಲನ್ ತಂದುಕೊಟ್ಟಳು. ಬಟ್ಟೆಯಾದರೆ ಒಂದು ಕೈ ಹಿಡಿದುಕೊಳ್ಳಬೇಕು. ಇದು ಗಟ್ಟಿ, ಮೇಜಿನ ಅಂಚಿಗೆ ಎರಡು ಕ್ಲಿಪ್ ಹಾಕಿ ಸಿಕ್ಕಿಸಿದರೆ ಎಡಗೈ ಒಂದೇ ಸಾಕು. ಮೊದಲ ದಿನ ಏಳು ಹೊಲಿಗೆ. ಈಗ ಬಲಗೈ ಬೆರಳಲ್ಲಿ ಸೂಜಿ ಹಿಡಿಯುತ್ತೇನೆ. ಹಾಳೆಯ ಹಿಂದಿನಿಂದ ಸೂಜಿ ದಾಟಿ ಬಂದಾಗ ಬಲಗೈ ಅದನ್ನು ಹಿಡಿದು ಎಳೆಯಬೇಕು, ಅದೇ ವ್ಯಾಯಾಮ.

ಇಲ್ಲಿ ಬರೆದವರಲ್ಲಿ ಯಾರೂ ಹೇಳದ ಒಂದು ಲೆಕ್ಕ ಇದೆ. ಚಿತ್ರದ ಹಾಳೆಯಲ್ಲಿ ಕೆಲವರು ಕಣ್ಣು ಎಣಿಸುತ್ತಾರೆ, ಕೆಲವರು ಹೊಲಿಗೆ. ಹೊಲಿಗೆ ಕೂರುವುದು ಕಣ್ಣಿನ ಮೇಲೆ ಅಲ್ಲ, ಎರಡು ಕಡ್ಡಿ ಕೂಡುವ ಜಾಗದ ಮೇಲೆ. ಅಡ್ಡ 20 ಕಣ್ಣಿದ್ದರೆ 19 ಹೊಲಿಗೆ ಬರುತ್ತದೆ. ನಕ್ಷತ್ರಕ್ಕೆ ಸರಿಯಾದ ಮಧ್ಯ ಬೇಕು ಅಂದರೆ ಹೊಲಿಗೆ ಬೆಸಸಂಖ್ಯೆ ಇರಬೇಕು, ಅಂದರೆ ಕಣ್ಣು ಸಮಸಂಖ್ಯೆ. 21 ಕಣ್ಣು ಕತ್ತರಿಸಿದರೆ ಮಧ್ಯವೇ ಸಿಗುವುದಿಲ್ಲ, ನಕ್ಷತ್ರ ಒಂದು ಪಕ್ಕಕ್ಕೆ ಜರುಗುತ್ತದೆ. ನಾನು ನಾಲ್ಕು ತುಂಡು ಹಾಗೆ ಕತ್ತರಿಸಿದ ಮೇಲೆ ಇದು ಹೊಳೆಯಿತು.

ಎಡಿಸನ್ ಅಜ್ಜಿ | 29 ಅಕ್ಟೋಬರ್

ಮೇಷ್ಟ್ರೇ, ನಿಮ್ಮ ಏಳು ಹೊಲಿಗೆ ಓದಿ ಕಣ್ಣು ತುಂಬಿತು. ನಿಮ್ಮದೊಂದು ಮಾದರಿ ಇಲ್ಲಿ ಬರೆದು ಕೊಡಿ ಸರ್.

ಮೈಸೂರು ಮೇಷ್ಟ್ರು | 31 ಅಕ್ಟೋಬರ್

ಸರಿ. ಚೌಕುಳಿ ನೋಟ್‌ಬುಕ್ಕಿನಲ್ಲಿ ಮೊದಲು ಬರೆದುಕೊಳ್ಳಿ. ಹಾಳೆ 7 ಕೌಂಟ್.

20 ಕಣ್ಣು ಅಗಲ, 20 ಕಣ್ಣು ಉದ್ದದ ಚೌಕ. ಎರಡು ಕತ್ತರಿಸಿ. ಒಂದೊಂದು ಬದಿ ಮೂರು ಇಂಚಿಗೆ ಸ್ವಲ್ಪ ಕಡಿಮೆ. 19 ಸಾಲು, ಸಾಲಿಗೆ 19 ಹೊಲಿಗೆ. ಮಧ್ಯದ ಹೊಲಿಗೆ ಯಾವ ಕಡೆಯಿಂದ ಎಣಿಸಿದರೂ ಹತ್ತನೆಯದು.

ಹತ್ತನೇ ಸಾಲಿನಲ್ಲಿ 3ರಿಂದ 17ರವರೆಗೆ ಕೆಂಪು. ಹತ್ತನೇ ಕಂಬದಲ್ಲೂ 3ರಿಂದ 17ರವರೆಗೆ ಕೆಂಪು. ಆಮೇಲೆ ಮಧ್ಯದಿಂದ ನಾಲ್ಕೂ ಮೂಲೆ ಕಡೆ ಓರೆಯಾಗಿ ನಾಲ್ಕು ನಾಲ್ಕು ಹೊಲಿಗೆ. ಒಟ್ಟು 45 ಕೆಂಪು. ಉಳಿದ 316 ಬಿಳಿ. ಎಂಟು ಕಿರಣದ ನಕ್ಷತ್ರ ಬರುತ್ತದೆ, ನಾಲ್ಕು ಉದ್ದ, ನಾಲ್ಕು ಗಿಡ್ಡ.

ಕೆಂಪನ್ನು ಮೊದಲು ಮುಗಿಸಿ. ಬೆನ್ನಿಗೆ ಬೆನ್ನು ಇಟ್ಟು ಹಸಿರು ಉಲ್ಲನ್‌ನಲ್ಲಿ ಅಂಚು ಸುತ್ತಿ. ಚೌಕವನ್ನು ಮೂಲೆಯಿಂದ ತೂಗುಹಾಕಿ. ಎರಡೂ ಬದಿ ಸೇರಿ ಬಿಳಿ ಸುಮಾರು 9 ಮೀಟರ್, ಕೆಂಪು 2 ಮೀಟರಿನ ಒಳಗೆ, ಅಂಚಿಗೆ ಒಂದೂಕಾಲು ಮೀಟರ್. 100 ಗ್ರಾಂ ಉಂಡೆಯಲ್ಲಿ 180 ಮೀಟರ್ ಇದ್ದರೆ ಬಿಳಿ ಉಂಡೆ ಒಂದರಲ್ಲಿ 20 ಅಲಂಕಾರ. ಕತ್ತರಿಸುವಾಗ ಒಂದು ಸಾಲು ಕಣ್ಣು ನಷ್ಟ ಆಗುತ್ತದೆ, ಆದ್ದರಿಂದ ಒಂದು ತುಂಡಿಗೆ 21 ಅಂತ ಹಿಡಿಯಿರಿ. ಒಂದು ಹಾಳೆಯಲ್ಲಿ ಅಡ್ಡ 3, ಉದ್ದ 4, ಒಟ್ಟು 12 ತುಂಡು. ಅಂದರೆ 6 ಅಲಂಕಾರ. 24ಕ್ಕೆ ನಾಲ್ಕು ಹಾಳೆ ಬೇಕು.

ಸೂಜಿಗೆ ಒಂದು ಮೊಳಕ್ಕಿಂತ ಜಾಸ್ತಿ ಉದ್ದ ಏರಿಸಬೇಡಿ. ಕಡ್ಡಿಗೆ ಉಜ್ಜಿ ಉಜ್ಜಿ ಕೊನೆಯ ಭಾಗ ಸೊರಗುತ್ತದೆ.

ಕಿನ್ನಿಗೋಳಿ | 8 ನವೆಂಬರ್

ಮೇಷ್ಟ್ರೇ, ನಿಮ್ಮ ಮಾದರಿ ಐದು ಮಾಡಿದೆ. 7 ಕೌಂಟ್ ಹಾಳೆ ಕೊನೆಗೂ ತೋರಣದ ನೆಟ್ ಅಂತ ಕೇಳಿದ್ದಕ್ಕೆ ಮೂಡುಬಿದಿರೆಯಲ್ಲಿ ಸಿಕ್ಕಿತು. ಒಂದು ಬದಿಗೆ ನನಗೆ ಒಂದು ಗಂಟೆ ಹತ್ತು ನಿಮಿಷ. ರಾತ್ರಿ ಪಾತ್ರೆ ತೊಳೆದ ಮೇಲೆ ಒಂದು ಬದಿ, ಅಷ್ಟೇ.

ಒಂದು ತಪ್ಪು ಮಾಡಿದೆ, ಬೇರೆಯವರಿಗೆ ಆಗದಿರಲಿ ಅಂತ ಬರೆಯುತ್ತೇನೆ. ಕಾಲುಚೀಲದ ಆಕಾರ ಮಾಡಿದೆ. ಎರಡು ತುಂಡು, ಎರಡೂ ಹೆಬ್ಬೆರಳು ಬಲಕ್ಕೆ. ಎರಡೂ ತುಂಬಿ ಮುಗಿಸಿ ಬೆನ್ನಿಗೆ ಬೆನ್ನು ಇಟ್ಟರೆ ಒಂದರ ಬೆರಳು ಆಚೆ, ಒಂದರದು ಈಚೆ. ಎರಡೂವರೆ ಗಂಟೆಯ ಕೆಲಸ.

ಫ್ರೇಜರ್‌ಟೌನ್ ಟೇಲರ್ | 8 ನವೆಂಬರ್

ಇದು ಅಂಗಿಯ ತೋಳು ಕತ್ತರಿಸುವವರಿಗೂ ಆಗುವುದೇ. ಎಡ ಬಲ ಬೇರೆ ಇರುವ ಆಕಾರ ಯಾವುದೇ ಆಗಲಿ, ಕಾಲುಚೀಲ, ಊರುಗೋಲಿನ ಆಕಾರದ ಮಿಠಾಯಿ, ಪಾರಿವಾಳ, ಕತ್ತರಿಸಿದ ತಕ್ಷಣ ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟು ನೋಡಿ. ಹೊರಗೆ ಕಾಣುವ ಮುಖಕ್ಕೆ ಒಂದು ಬಣ್ಣದ ನೂಲು ಕಟ್ಟಿ. ಆಮೇಲೆ ಹೊಲಿಗೆ. ಈಗ ಮಾಡಿದ ಎರಡಕ್ಕೂ ಒಂದೊಂದು ಜೊತೆ ಮಾಡಿದರೆ ಎರಡು ಕಾಲುಚೀಲ ಆಗುತ್ತದೆ ಮೇಡಂ, ಏನೂ ಹಾಳಾಗಲಿಲ್ಲ.

ಎಡಿಸನ್ ಅಜ್ಜಿ | 15 ನವೆಂಬರ್

ಇನ್ನೂ ಮಾದರಿ ಹುಡುಕುವವರಿಗೆ ಒಂದು ವಿಷಯ. ವರ್ಜೀನಿಯಾದ ಡ್ಯಾನ್‌ವಿಲ್ ಅನ್ನುವ ಊರಿನ ಲೂಥರನ್ ಚರ್ಚಿನಲ್ಲಿ 1957ರಲ್ಲಿ ಫ್ರಾನ್ಸಿಸ್ ಕಿಪ್ಸ್ ಸ್ಪೆನ್ಸರ್ ಅನ್ನುವ ಹೆಂಗಸು ಚರ್ಚಿನ ಮರಕ್ಕೆ ಬರೀ ಬಿಳಿ ಮತ್ತು ಚಿನ್ನದ ಬಣ್ಣದ ಅಲಂಕಾರ ಮಾಡಿದರು. ಸಾಂತಾ ಇಲ್ಲ, ಗೊಂಬೆ ಇಲ್ಲ. ಶಿಲುಬೆ, ಕಿರೀಟ, ಮೀನು, ಪಾರಿವಾಳ, ನಕ್ಷತ್ರ, ಕ್ರಿಸ್ತನ ಹೆಸರಿನ ಗ್ರೀಕ್ ಅಕ್ಷರಗಳು. ಇಂಥ ಅಲಂಕಾರಗಳನ್ನು ಕ್ರಿಸ್ಮನ್ ಅನ್ನುತ್ತಾರೆ. ಅದು ಎಷ್ಟೋ ಚರ್ಚುಗಳಿಗೆ ಹಬ್ಬಿತು. ಅದನ್ನೇ ಪ್ಲಾಸ್ಟಿಕ್ ಕ್ಯಾನ್ವಾಸ್‌ನಲ್ಲಿ ಬಿಳಿ ಉಲ್ಲನ್, ಜರಿ ದಾರ ಹಾಕಿ ಮಾಡುವವರು ಇಲ್ಲಿ ತುಂಬಾ ಜನ. ಕರಾವಳಿಯವಳಿಗೆ ಮೀನು ಹೇಳಿಕೊಡಬೇಕಾಗಿಲ್ಲ! ಮೀನಿಗೆ ಗ್ರೀಕ್‌ನಲ್ಲಿ ಇಕ್ತಿಸ್. ಯೇಸು ಕ್ರಿಸ್ತ, ದೇವರ ಮಗ, ರಕ್ಷಕ ಅನ್ನುವ ಗ್ರೀಕ್ ಮಾತುಗಳ ಮೊದಲ ಅಕ್ಷರ ಸೇರಿಸಿದರೆ ಅದೇ ಪದ ಬರುತ್ತದೆ.

ಜರಿ ದಾರವನ್ನು ಅರ್ಧ ಮೊಳಕ್ಕಿಂತ ಜಾಸ್ತಿ ಏರಿಸಬೇಡಿ. ಬೇಗ ಬಿಚ್ಚಿಕೊಳ್ಳುತ್ತದೆ.

ಕಿನ್ನಿಗೋಳಿ | 16 ನವೆಂಬರ್

ಮೀನು ಮಾಡುತ್ತೇನೆ ಅಜ್ಜಿ. ಬಿಳಿ, ಕಣ್ಣಿಗೆ ಮಾತ್ರ ಜರಿ.

ತೀರ್ಥಹಳ್ಳಿ ಮಳೆ | 23 ನವೆಂಬರ್

ಮರಕ್ಕೆ ಬಲ್ಬಿನ ಸರ ಹಾಕುತ್ತೀರಾ? ಹಳೇ ಕಾಲದ ಬಿಸಿಯಾಗುವ ಸಣ್ಣ ಬಲ್ಬ್ ಆದರೆ ಉಲ್ಲನ್‌ಗೆ ತಾಗದ ಹಾಗೆ ಇಡಿ. ಎಲ್‌ಇಡಿ ಆದರೆ ಚಿಂತೆ ಕಡಿಮೆ. ಮೇಣದ ಬತ್ತಿ ಹತ್ತಿರವಂತೂ ಬೇಡವೇ ಬೇಡ, ಗಾಳಿಮರದ ಒಣ ಎಲೆಯೂ ಬೇಗ ಹತ್ತಿಕೊಳ್ಳುತ್ತದೆ. ಮತ್ತೆ ಯಾರೂ ಇದಕ್ಕೆ ಇಸ್ತ್ರಿ ಹಾಕಬೇಡಿ. ನನ್ನ ತಂಗಿ ಸುಕ್ಕು ತೆಗೆಯಲು ಹೋಗಿ ಇಸ್ತ್ರಿಪೆಟ್ಟಿಗೆಗೇ ಅಂಟಿಸಿಕೊಂಡಳು.

ಧಾರವಾಡದ ಕಸೂತಿ | 30 ನವೆಂಬರ್

ಇವತ್ತು ಕ್ರಿಸ್ಮಸ್‌ಗೆ ಮುಂಚಿನ ನಿಮ್ಮ ಆಗಮನ ಕಾಲದ ಮೊದಲ ಭಾನುವಾರ ಅಲ್ಲೇನ್ರಿ ತಂಗಿ? ಎಷ್ಟಾಯಿತು?

ಕಿನ್ನಿಗೋಳಿ | 30 ನವೆಂಬರ್

ನೆನಪಿಟ್ಟುಕೊಂಡಿದ್ದೀರಿ ಅಕ್ಕ! 17 ಆಯ್ತು. ಮೇಷ್ಟ್ರ ನಕ್ಷತ್ರ ಎಂಟು, ನಿಮ್ಮ ಗವಂತಿ ಐದು, ಕಾಲುಚೀಲ ಎರಡು, ಮೀನು ಎರಡು. ಗೋದಲಿಗೆ ತೆಂಗಿನ ಗೆರಟೆಯಲ್ಲಿ ಭತ್ತ ಬಿತ್ತುವ ಹೊತ್ತಿಗೆ 24 ಮುಗಿಸಬೇಕು. ಆಮೇಲೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸ ಶುರು. ಕಿಡಿಯೊ, ನೆವ್ರಿ ಮಾಡುವ ಎಣ್ಣೆ ಕೈಯಲ್ಲಿ ಬಿಳಿ ಉಲ್ಲನ್ ಮುಟ್ಟಲಿಕ್ಕೆ ಆಗುವುದಿಲ್ಲ.

ಕಿನ್ನಿಗೋಳಿ | 19 ಡಿಸೆಂಬರ್

ಮರ ನಿಂತಿತು. 24 ಕಟ್ಟಿದೆ. ಗವಂತಿಯವು ತುದಿಗಳಲ್ಲಿ, ಎರಡು ಪದರದವು ಒಳಗೆ ಗಟ್ಟಿ ಕೊಂಬೆಗೆ. ಎರಡು ಪದರದ್ದು ಒಂದೊಂದು 13 ಗ್ರಾಂ. ಸಂಜೆ ಸಮುದ್ರದ ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ತಿರುಗಿದವು. ಯಾವುದರಲ್ಲೂ ಬೆನ್ನು ಕಾಣಲಿಲ್ಲ. ಅಪ್ಪ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ನೋಡಿದರು.

ಅಮ್ಮನ ನಕ್ಷತ್ರದ ವಿಷಯ. ಅಂಟಿಸಲಿಲ್ಲ. ಅಕ್ಕ ಹೇಳಿದ ಹಾಗೆ ಮಗುಚಿ, ಕನ್ನಡಕ ಹಾಕಿಕೊಂಡು ನೋಡಿದೆ. ಮೊದಲ ಕಾಲಿನಲ್ಲಿ ಹನ್ನೊಂದು ಗಂಟು ಉಂಟು. ಎರಡನೆಯದರಲ್ಲಿ ನಾಲ್ಕು. ಮೂರನೆಯದರಿಂದ ಗಂಟೇ ಇಲ್ಲ, ಬಾಲ ಹೊಲಿಗೆಯ ಕೆಳಗೆ ಜಾರಿಸಿದ್ದಾರೆ. ಅವರಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಒಂದೇ ನಕ್ಷತ್ರದಲ್ಲಿ ಕಲಿತದ್ದು.

ಐದನೇ ಕಾಲಿನ ಕಂದು ಕೆಂಪೂ ಗೊತ್ತಾಯ್ತು. ಗೋದಲಿಯ ಬೊಂಬೆಗಳನ್ನು ತೆಗೆಯಲಿಕ್ಕೆ ಅಮ್ಮನ ಪೆಟ್ಟಿಗೆ ತೆರೆದಾಗ ಅಡಿಯಲ್ಲಿ ಒಂದು ಕುಲಾವಿ ಸಿಕ್ಕಿತು. ಅದೇ ಬಣ್ಣ. ಕಿವಿ ಮುಚ್ಚುವ ಒಂದು ಪಟ್ಟಿಯಿಂದ ಉಲ್ಲನ್ ಬಿಚ್ಚಿದ್ದಾರೆ, ಉಳಿದ ಕಣ್ಣುಗಳು ಜಾರದ ಹಾಗೆ ಬಿಳಿ ನೂಲು ಪೋಣಿಸಿ ಕಟ್ಟಿದ್ದಾರೆ. ಯಾರದು ಅಂತ ಅಪ್ಪನನ್ನು ಕೇಳಿದೆ. ನನ್ನದಂತೆ.

ನಕ್ಷತ್ರವನ್ನು ಮರದ ನಡುವೆ ಕಟ್ಟಿದ್ದೇನೆ, ಎರಡೂ ಬದಿ ಕಾಣುವ ಹಾಗೆ.

ಧಾರವಾಡದ ಕಸೂತಿ | 19 ಡಿಸೆಂಬರ್

ಆ ಕುಲಾವಿಯ ಬಿಳಿ ನೂಲು ಬಿಚ್ಚಬ್ಯಾಡ್ರಿ ತಂಗಿ.

ಮೈಸೂರು ಮೇಷ್ಟ್ರು | 20 ಡಿಸೆಂಬರ್

ಹಬ್ಬದ ಶುಭಾಶಯ ಮಗಳೇ. ತೆಗೆದಿಡುವಾಗ ನುಸಿಗುಳಿಗೆ ಹಾಕಬೇಡಿ. ಅಕ್ರಿಲಿಕ್ ಉಲ್ಲನ್ ಅನ್ನು ನುಸಿ ತಿನ್ನುವುದಿಲ್ಲ. ಧೂಳು ಹಿಡಿದರೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಅದ್ದಿ, ಹಿಂಡದೆ, ಬಟ್ಟೆಯ ಮೇಲೆ ಚಪ್ಪಟೆಯಾಗಿ ಒಣಗಿಸಿ.

ಕುಲಾವಿ ಮಾತ್ರ ಬೇರೆ. ಅದು ನಿಜವಾದ ಉಣ್ಣೆ ಇರಬಹುದು. ನೀರಿಗೆ ಹಾಕುವ ಮೊದಲು ಒಂದು ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಗುಂಡಾದರೆ ಅಕ್ರಿಲಿಕ್.

ಕಿನ್ನಿಗೋಳಿ | 20 ಡಿಸೆಂಬರ್

ಬಿಚ್ಚಿದ ಕಡೆ ಅರ್ಧ ಬೆರಳಿನಷ್ಟು ಎಳೆ ನೇತಾಡುತ್ತಾ ಉಂಟು. ಅದರ ತುದಿ ಸುಟ್ಟು ನೋಡಿದೆ ಮೇಷ್ಟ್ರೇ. ಕೂದಲಿನ ವಾಸನೆ ಬಂತು. ಒಗೆಯುವುದಿಲ್ಲ, ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ಉಣ್ಣೆಯಾದರೆ ನುಸಿ ಬರುತ್ತದೆ ಅಲ್ವಾ, ಇದಕ್ಕೆ ಮಾತ್ರ ನುಸಿಗುಳಿಗೆ ಹಾಕಬಹುದಾ?

ಮೈಸೂರು ಮೇಷ್ಟ್ರು | 20 ಡಿಸೆಂಬರ್

ಹಾಕಬಹುದು. ಗುಳಿಗೆಯನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ಡಬ್ಬಿಯ ಮೂಲೆಯಲ್ಲಿಡಿ, ಉಲ್ಲನ್‌ಗೆ ನೇರ ತಾಗುವುದು ಬೇಡ. ಪುಟ್ಟ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮಳೆಗಾಲ ಮುಗಿದ ಮೇಲೆ ಒಂದು ಸಲ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ.